ಗಿರಣಿ ಮುಂದೆ ಎರಡು ನಿಮಿಷ

ನಮ್ಮ ಮಾಮಾನ ಪ್ರಕಾರ ಸಿಂದಗಿಯಲ್ಲಿ ವೇಳೆಗೆ ಸರಿಯಾಗಿ ಹೊರಡುವವರು ಇಬ್ಬರೇ: ಒಬ್ಬ ಸೂರ್ಯ, ಇನ್ನೊಂದು ಅವರ ನಾಯಿ ಮೋತಿ. ಅದರಲ್ಲೂ ಸೂರ್ಯನ ಮೇಲೆ ಅವರಿಗೆ ಪೂರ್ತಿ ಭರವಸೆ ಇಲ್ಲ. ಮಳೆಗಾಲದಲ್ಲಿ ಎಷ್ಟೋ ಸಲ ತಡ ಮಾಡಿದ್ದಾನಂತೆ!

ಮಾಮಾ ಎಂದರೆ ನನ್ನ ಅವ್ವನ ಅಣ್ಣ; ನಾನು ಇರುವುದು ಅವರ ಮನೆಯಲ್ಲೇ. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಇಂಡಿ, ತಾಳಿಕೋಟೆ, ಬಾಗೇವಾಡಿಯ ಬಸ್ಸುಗಳನ್ನೆಲ್ಲ ವರ್ಷಾನುಗಟ್ಟಲೆ ಸೀಟಿ ಊದಿ ಊರು ದಾಟಿಸಿದ್ದಾರೆ. ನಿವೃತ್ತಿಯ ದಿನ ಅವರಿಗೆ ಹಾರ ಹಾಕಿ, ಶಾಲು ಹೊದಿಸಿ ಕಳಿಸಿದವರು ಸೀಟಿ ಕಸಿದುಕೊಳ್ಳುವುದನ್ನು ಮಾತ್ರ ಮರೆತರು. ಅದರ ಫಲವನ್ನು ಈಗ ಓಣಿಯವರೆಲ್ಲ ಉಣ್ಣುತ್ತಿದ್ದೇವೆ.

ಮುಂಜಾನೆ ಆರೂ ಹತ್ತಕ್ಕೆ ಸೀಟಿ. ಮೋತಿ ಹೊರಡುತ್ತದೆ. ಮನೆ, ನೀರಿನ ಟಾಕಿ, ಹಿಟ್ಟಿನ ಗಿರಣಿ, ಶಾಲೆ, ವಾಪಸ್ ಮನೆ. ಇಷ್ಟಕ್ಕೆ ಒಂದು ನೋಟ್‌ಬುಕ್ಕು, ಅದರಲ್ಲಿ ಹೊರಟ ವೇಳೆ, ಮುಟ್ಟಿದ ವೇಳೆ. ಮೊದಮೊದಲು ಮೋತಿಯನ್ನು ಎಕ್ಸ್‌ಪ್ರೆಸ್ ಎಂದು ಬರೆದುಕೊಂಡಿದ್ದರು. ಅದು ಕಂಬಕ್ಕೊಂದು ಸ್ಟಾಪ್ ಕೊಡುವುದನ್ನು ನೋಡಿ ಒಂದೇ ವಾರದಲ್ಲಿ ಆರ್ಡಿನರಿ ಎಂದು ದರ್ಜೆ ಇಳಿಸಿದರು.

ಈ ನಿತ್ಯದ ತಿರುಗಾಟದ ಬಗ್ಗೆ ಮೋತಿ ಏನು ತಿಳಿದುಕೊಂಡಿರಬಹುದು? ನನಗೆ ಬಹಳ ದಿನದ ಕುತೂಹಲ. 'ಪಾಪ, ಈ ಮುದುಕನಿಗೆ ಗಾಳಿ ಬೇಕು, ನಾನಲ್ಲದೆ ಇವನನ್ನು ಯಾರು ಅಡ್ಡಾಡಿಸಬೇಕು' ಎಂದುಕೊಂಡಿದ್ದರೂ ಆಶ್ಚರ್ಯವಿಲ್ಲ. ಮಾಮಾನಿಗೆ ಮಾತ್ರ ಸಂಶಯವೇ ಇಲ್ಲ.

"ಅದಕ್ಕ ಡ್ಯೂಟಿ ಅಂದ್ರ ಏನಂತ ಗೊತ್ತೈತಿ. ಅದರ ಮನಸ್ಸಿನ್ಯಾಗ ಏನ್ ನಡದೈತಿ, ನನಗ ಎಲ್ಲಾ ತಿಳೀತೈತಿ" ಎಂದರು ಒಂದು ದಿನ.

ರೊಟ್ಟಿ ಬಡಿಯುತ್ತಿದ್ದ ಅತ್ತೆ ತಲೆ ಎತ್ತದೆಯೇ ಹೇಳಿದರು: "ನಾಯಿ ಮನಸ್ಸಿನ್ಯಾಗಿಂದ ತಿಳೀತೈತಿ. ನಂದು ನಲವತ್ತ ವರ್ಷ ಆತು, ಇನ್ನೂ ತಿಳಿದಿಲ್ಲ."

ಮಾಮಾ ನೋಟ್‌ಬುಕ್ಕು ತೆಗೆದುಕೊಂಡು ಹೊರಗೆ ಹೋದರು.

ಅತ್ತೆಯ ಸಿಟ್ಟಿಗೆ ಕಾರಣವಿದೆ. ಒಮ್ಮೆ ಅವರು ಇಂಡಿಗೆ ಹೊರಟು, ಬಸ್ಸಿನಲ್ಲಿ ಚೀಲ ಇಟ್ಟು, ಬಾಳೆಹಣ್ಣು ಕೊಳ್ಳಲು ಇಳಿದರು. ವೇಳೆಯಾಯಿತು. ಮಾಮಾ ಹೆಂಡತಿಯ ಮುಖ ನೋಡಿಕೊಂಡೇ ಸೀಟಿ ಊದಿದರು. ಚೀಲ ಇಂಡಿಗೆ ಹೋಯಿತು, ಅತ್ತೆ ಹಣ್ಣು ಹಿಡಿದುಕೊಂಡು ಮನೆಗೆ ಬಂದರು. ಹೆಂಡತಿಗೇ ನಿಲ್ಲದ ಬಸ್ಸು ಇನ್ಯಾರಿಗೆ ನಿಂತೀತು?

ಇನ್ನೊಬ್ಬರಿಗೂ ನಿಲ್ಲಲಿಲ್ಲ. ಅದನ್ನು ಹೇಳುವಾಗ ನನಗೆ ನಗು ಬರುವುದಿಲ್ಲ.

ಹಿಟ್ಟಿನ ಗಿರಣಿಯ ಕಾಕಾ ಮಾಮಾನ ಬಾಲ್ಯದ ಗೆಳೆಯ. ಮೊದಲೆಲ್ಲ ಸಂಜೆ ಐದಕ್ಕೆ ಗಿರಣಿಯ ಕಟ್ಟೆಯ ಮೇಲೆ ಇಬ್ಬರ ನಡುವೆ ಒಂದೇ ಚಹಾ. ಕಪ್ಪಿನಲ್ಲಿ ಉಳಿದದ್ದು ಕಾಕಾನಿಗೆ, ಬಸಿ ತಟ್ಟೆಗೆ ಸುರಿದದ್ದು ಮಾಮಾನಿಗೆ. ಹನ್ನೊಂದು ವರ್ಷದ ಹಿಂದೆ ಮುದ್ದೇಬಿಹಾಳದಲ್ಲಿದ್ದ ಕಾಕಾನ ಅಕ್ಕನಿಗೆ ತೀರಾ ಸೀರಿಯಸ್ ಎಂದು ಸುದ್ದಿ ಬಂತು. ಕಾಕಾ ಮಾಮಾನಿಗೆ ಫೋನ್ ಮಾಡಿ, "ಓಡಿ ಬರಾಕತ್ತೇನಿ, ಎರಡ ನಿಮಿಷ ಗಾಡಿ ನಿಂದರಸು" ಎಂದರು. ವೇಳೆಯಾಯಿತು. ಮಾಮಾ ಸೀಟಿ ಊದಿದರು. ಮುಂದಿನ ಬಸ್ಸಿನಲ್ಲಿ ಕಾಕಾ ಹೋಗಿ ಮುಟ್ಟುವಷ್ಟರಲ್ಲಿ ಅಕ್ಕ ಕಣ್ಣು ಮುಚ್ಚಿದ್ದಳು.

ಅಂದಿನಿಂದ ಮಾತಿಲ್ಲ. ಮಾಮಾ ಈಗಲೂ ಮನೆಯಲ್ಲಿ ಚಹಾವನ್ನು ಬಸಿಗೆ ಸುರಿದುಕೊಂಡೇ ಕುಡಿಯುತ್ತಾರೆ, ಕಪ್ಪಿನಲ್ಲಿ ಅರ್ಧ ಉಳಿಸುತ್ತಾರೆ. ಯಾರಿಗೆ ಎಂದು ಕೇಳಿದರೆ, ಸಕ್ಕರೆ ಹೆಚ್ಚಾಗಿದೆ ಎನ್ನುತ್ತಾರೆ. ಆ ಅರ್ಧ ಕಪ್ಪನ್ನು ದಿನವೂ ನಾನೇ ಎತ್ತಿಡುತ್ತೇನೆ.

ಇಂಥ ಮನುಷ್ಯನ ನೋಟ್‌ಬುಕ್ಕಿನಲ್ಲಿ ದಿನವೂ ಒಂದೇ ತಪ್ಪು. ಮೋತಿ ಎರಡು ನಿಮಿಷ ತಡ. ಕಾರಣದ ಮುಂದೆ ಬರೆದಿರುತ್ತಾರೆ: 'ಗಿರಣಿ ಮುಂದೆ ನಾಯಿ ನಿಂತಿತು.'

"ಅಲ್ಲಿ ಯಾಕ ನಿಂದರತೈತ್ರಿ ಮಾಮಾ?" ಎಂದು ಕೇಳಿದೆ.

"ಜ್ವಾಳದ ಹಿಟ್ಟಿನ ವಾಸನಿ. ಎಷ್ಟ ಎಳದ್ರೂ ಬರೂದಿಲ್ಲ. ಮೂಕ ಪ್ರಾಣಿ, ನಾ ಏನ್ ಮಾಡ್ಲಿ?"

ಹೋದ ತಿಂಗಳು ಮಾಮಾ ಮೆಟ್ಟಿಲು ಇಳಿಯುವಾಗ ಕಾಲು ಉಳುಕಿಸಿಕೊಂಡರು. ಮೋತಿಯ ಹಗ್ಗ ನನ್ನ ಕೈಗೆ ಬಂತು. ಮಂಚದ ಮೇಲಿನಿಂದಲೇ ಸೀಟಿಯಾಯಿತು, ಅಪ್ಪಣೆಯೂ ಆಯಿತು: "ಗಿರಣಿ ಮುಂದ ಅದು ನಿಂದರತೈತಿ. ಎಳದಾಡಬ್ಯಾಡ. ಎರಡ ನಿಮಿಷ ಬಿಡು."

ಟಾಕಿ ದಾಟಿತು. ಗಿರಣಿ ಬಂತು. ನಾನು ಹಗ್ಗ ಸಡಿಲ ಬಿಟ್ಟು ಕಾದೆ. ಮೋತಿ ಗಿರಣಿಯತ್ತ ತಿರುಗಿಯೂ ನೋಡದೆ ನೇರ ಮುಂದಿನ ಕಂಬಕ್ಕೆ ಹೊರಟಿತು. ವಾಸನೆಯೂ ಇಲ್ಲ, ಹಟವೂ ಇಲ್ಲ. ಅದರ ಹಿಂದೆ ನಾಲ್ಕು ಹೆಜ್ಜೆ ಹೋದ ಮೇಲೆ ನನಗೆ ವಿಷಯ ತಿಳಿಯಿತು. ಮೂಕ ಪ್ರಾಣಿಯ ಹೆಸರಿನಲ್ಲಿ ಅಲ್ಲಿ ದಿನವೂ ನಿಲ್ಲುತ್ತಿದ್ದವರು ಯಾರು ಎಂಬುದು.

"ತಂಗಿ, ನಿಂದರು."

ತಿರುಗಿ ನೋಡಿದರೆ ಗಿರಣಿಯ ಬಾಗಿಲಲ್ಲಿ ಕಾಕಾ. ರೆಪ್ಪೆಯ ಮೇಲೂ ಹಿಟ್ಟು.

"ಇವತ್ತ ಅಂವ ಯಾಕ ಬರಲಿಲ್ಲ?"

ಹನ್ನೊಂದು ವರ್ಷದಲ್ಲಿ ಕಾಕಾ ಮಾಮಾನ ಸುದ್ದಿ ಎತ್ತಿದ್ದನ್ನು ನಾನು ಕೇಳಿದ್ದೇ ಅದು ಮೊದಲು.

"ಕಾಲು ಉಳುಕೈತ್ರಿ ಕಾಕಾ. ಮಲಗ್ಯಾರ."

ಕಾಕಾ ಮೋತಿಯ ಕಡೆ ನೋಡಿದರು. "ದಿನಾ ಇಲ್ಲೇ ಬಂದು ನಿಂದರತಾನ. ನಾ ಒಳಗ ಕುಂತು ನೋಡ್ತಿರತೇನಿ. ಪಾಪ ಈ ನಾಯಿ ಮುಂದ ಹೋಗೂಣು ಅಂತ ಎಳೀತಿರತೈತಿ, ಅಂವ ಬಿಡೂದಿಲ್ಲ. ಗಡಿಯಾರ ಹಿಡಕೊಂಡು ನಿಂತಿರತಾನ. ಬರೋಬ್ಬರಿ ಎರಡ ನಿಮಿಷ."

ಕಾಕಾ ಧೋತರದ ಅಂಚಿನಿಂದ ಮುಖ ಒರೆಸಿಕೊಂಡರು. ಒಳಗೆ ಹೋಗಿ ಗಿರಣಿ ಬಂದ್ ಮಾಡಿದರು. ಓಣಿ ಒಮ್ಮೆಲೇ ಸುಮ್ಮನಾಯಿತು.

"ಚಪ್ಪಲ್ ಹಾಕ್ಕೊಂಡ ಬರ್ತೇನಿ" ಎಂದು ಒಳಗಿನಿಂದ ಧ್ವನಿ ಬಂತು. "ಎರಡ ನಿಮಿಷ ನಿಂದರತಿ ಏನು?"

ಮೋತಿ ಮುಂದಿನ ಕಂಬದತ್ತ ಎಳೆಯುತ್ತಿತ್ತು. ಅದು ಏನು ಯೋಚಿಸಿತೋ ನನಗೆ ಇಂದಿಗೂ ಗೊತ್ತಿಲ್ಲ. ನಾನು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ನಿಂತೆ.