ಬಾಗೂರಿಗೆ ನೀಲಿ ಕಣ್ಣು

ಬಾಗೂರಿನ ಮದುವೆಯ ಗ್ರೂಪ್ ಫೋಟೋದಲ್ಲಿ ಮದುಮಗನ ಅಜ್ಜಿ ರೇವಮ್ಮ ಕಣ್ಣು ಮುಚ್ಚಿಬಿಟ್ಟಿದ್ದರು. ಚನ್ನರಾಯಪಟ್ಟಣದ ಸ್ಟುಡಿಯೋ ಚಂದ್ರಮೌಳಿ, ಮುಚ್ಚಿದ ಕಣ್ಣು ತೆರೆಸುವ ಸಾಫ್ಟ್‌ವೇರೊಂದನ್ನು ವಿದೇಶಿ ಕಂಪನಿಯಿಂದ ಆನ್‌ಲೈನಿನಲ್ಲಿ ಕೊಂಡ. ಅದು ಕಣ್ಣನ್ನೇನೋ ತೆರೆಸಿತು.

ಆಲ್ಬಮ್ ಬಾಗೂರು ಸೇರಿದ ಮಾರನೆಯ ಬೆಳಿಗ್ಗೆ ಫೋಟೋವನ್ನು ದೊಡ್ಡದು ಮಾಡಿ ನೋಡಿದಾಗಲೇ ಚಂದ್ರಮೌಳಿಗೆ ಅದು ಕಂಡದ್ದು. ರೇಷ್ಮೆ ಸೀರೆ, ಮೂಗುತಿ, ಹಣೆ ತುಂಬ ಕುಂಕುಮ; ನಡುವೆ ಬೆಕ್ಕಿನ ಕಣ್ಣಿನ ಹಾಗೆ ಮಿನುಗುವ ಎರಡು ನೀಲಿ ಕಣ್ಣು.

ಅಷ್ಟರಲ್ಲಿ ರೇವಮ್ಮನ ಫೋನು ಬಂತು. "ಮಧ್ಯಾನದ ಬಸ್ಸಿಗೆ ಬತ್ತೀವಿ. ಅಂಗ್ಡಿ ಬಾಗ್ಲಾಕ್ಬೇಡ."

ಆ 'ಬತ್ತೀವಿ'ಯ ಬಹುವಚನ ಕೇಳಿದ್ದೇ ಅವನು ಹಣ ವಾಪಸ್ ಕೇಳಿ ಕಂಪನಿಗೆ ಬರೆದ. ಬಂದದ್ದು, ಡೌನ್‌ಲೋಡ್ ಆದಮೇಲೆ ಹಣ ವಾಪಸಿಲ್ಲ ಎಂಬ ಉತ್ತರ.

ಪಕ್ಕದ ಮೊಬೈಲ್ ಅಂಗಡಿಯ ಸುದರ್ಶನ್ ಫೋಟೋ ನೋಡಿ, "ಕಪ್ಪು ಕನ್ನಡ್ಕ ಅಂಟಿಸ್ಬುಡಣ್ಣ. ಸಮುದ್ರದಾಚೆ ಇರೋನ್ನ ಎಲ್ಲೋಗಿ ಇಡೀತೀಯ?" ಎಂದ.

ಮಹಡಿಯ ಮೇಲಿನ ವಕೀಲೆ ಧನ್ಯಾ ಮಾತ್ರ ಗಂಭೀರವಾಗಿ ಕೇಳಿಸಿಕೊಂಡು ಹೇಳಿದಳು. "ಸ್ವಂತ ದುಡಿಮೆಗೆ ಕೊಂಡಿದ್ದೀರಲ್ಲ ಚಂದ್ರಣ್ಣ, ನೀವೂ ಗ್ರಾಹಕರೇ. ನಮ್ಮ ದೇಶದವರಿಗೆ ಅಂತ್ಲೇ ರೂಪಾಯಿ ಬೆಲೆ ಹಾಕಿ ಮಾರಿದಾರೆ, ಇಲ್ಲಿನ ಕಾನೂನು ಅವರಿಗೂ ತಗಲುತ್ತೆ. ಹಾಸನದ ಗ್ರಾಹಕರ ಕೋರ್ಟಲ್ಲೇ ಕೇಸು ಹಾಕ್ತೀವಿ ಅಂತ ಬರೀರಿ."

ಇಬ್ಬರೂ ಕೂತು ಬರೆದರು. ಕೇಸಿಗೆ ಬೆಂಗಳೂರಿನಿಂದ ಹಾಸನಕ್ಕೆ ಬರುವಾಗ, ಊರು ಬಂತೆಂದು ನಡುದಾರಿಯ ಹಿರೀಸಾವೆಯಲ್ಲೇ ಇಳಿದುಬಿಡಬೇಡಿ ಎಂದು ಚಂದ್ರಮೌಳಿ ಕೊನೆಯಲ್ಲಿ ತಾನೇ ಒಂದು ಸಾಲು ಸೇರಿಸಿದ.

ಊಟದ ಹೊತ್ತಿಗೆ ಕಂಪನಿ ಕ್ಷಮೆ ಕೇಳಿತು. ಪೂರ್ತಿ ಹಣ ವಾಪಸ್, ಸಾಫ್ಟ್‌ವೇರ್ ರದ್ದು. ಪರದೆಯ ಮೇಲೆ ಅದು ತಾನಾಗಿಯೇ ಮುಚ್ಚಿಕೊಂಡಿತು.

ಚಂದ್ರಮೌಳಿ ಚುನಾವಣೆ ಗೆದ್ದವನಂತೆ ಬೀದಿಗೆ ಬಂದ. "ಇಲ್ಲೇ ಕೂತ್ಕಂಡು ಫಾರಿನ್ನೋರ್ನ ಮಣಿಸ್ಬುಟ್ಟೆ ಕಣ್ಲಾ ಸುದರ್ಶನ" ಎನ್ನುತ್ತ ಸಾಲಂಗಡಿಯವರಿಗೆಲ್ಲ ಕಾಫಿ ಹೇಳಿದ. ಇಡೀ ಬೀದಿ ಅವನ ಬೆನ್ನು ತಟ್ಟಿತು.

ಕಾಫಿ ಮುಗಿಯುವುದರೊಳಗೆ ರೇವಮ್ಮ ಬಂದರು. ಹಿಂದೆ ಬಾಗೂರಿನ ಹೆಂಗಸರ ಒಂದು ದಂಡೇ, ಎಲ್ಲರೂ ರೇಷ್ಮೆ ಸೀರೆಯಲ್ಲಿ.

ಚಂದ್ರಮೌಳಿ ಕೈಮುಗಿದ. "ತೆಪ್ಪಾಯ್ತಜ್ಜಿ. ಆ ಕಣ್ಣು ಮಾಡಿದ ಸಾಫ್ಟ್‌ವೇರ್ನ ವಾಪಸ್ ಕಳ್ಸ್‌ಬುಟ್ಟೆ."

"ಅದ್ಯಾಕ್ ಕಳ್ಸ್ದೆ? ಆ ಫೋಟದಾಗೆ ಸಿನಿಮಾದೋಳಂಗೆ ಕಾಣ್ತೀನಿ ಅಂತ ಊರೆಲ್ಲಾ ಅಂತಾ ಅವ್ರೆ. ಇವ್ರ್ಗೂ ಅಂಗೇ ಮಾಡ್ಕೊಡು. ಮನೆಮನೆಗೂ ದೊಡ್ಡ ಫ್ರೇಮೇ ಬೇಕಂತೆ."

ಚಂದ್ರಮೌಳಿ ಒಳಗೋಡಿ, ಅದನ್ನೇ ಮತ್ತೆ ಕೊಳ್ಳಲು ಕಂಪನಿಯ ಆನ್‌ಲೈನ್ ಅಂಗಡಿಯನ್ನು ತೆರೆದ. ಪರದೆ ಬಲು ವಿನಯದಿಂದ ಹೇಳಿತು: 'ನಿಮ್ಮ ದೇಶದ ಗ್ರಾಹಕರ ಹಕ್ಕುಗಳನ್ನು ಗೌರವಿಸಿ, ಇಂದಿನಿಂದ ಅಲ್ಲಿಗೆ ಮಾರಾಟ ನಿಲ್ಲಿಸಿದ್ದೇವೆ.'

ಹೊರಗೆ ರೇವಮ್ಮ ಬೆಂಚಿನ ಮೇಲೆ ಕೂತು ಎಲೆಯಡಿಕೆ ಚೀಲ ಬಿಚ್ಚಿದರು.

"ನಿಧಾನಕ್ಕೆ ಮಾಡಪ್ಪ. ನಮ್ ಬಸ್ಸು ಸಂಜೀಕೈತೆ."