ಮಾವನ ಹುಳಿ, ಅತ್ತೆಯ ಹುಳಿ

ನಮ್ಮ ಸೋದರಮಾವ ಕೆಸರಿನಿಂದ ತಾಮ್ರ ತೆಗೆಯುತ್ತಿದ್ದರು ಅಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ, ಕಟ್ಟಿಕೊಂಡ ನಮ್ಮತ್ತೆಯೇ ಮೊದಮೊದಲು ನಂಬಿರಲಿಲ್ಲ!

ಹಾಸನದಲ್ಲಿ ಅವರು ದುಡಿಯುತ್ತಿದ್ದ, ಲೋಹಕ್ಕೆ ತಾಮ್ರದ ಲೇಪ ಕೊಡುವ ಕಾರ್ಖಾನೆ ಬಾಗಿಲು ಹಾಕಿದಾಗ, ಉಳಿದವರು ಬಾಕಿ ಸಂಬಳ ಕೇಳಿದರು. ಮಾವ ಕೇಳಿದ್ದು ಅಲ್ಲಿ ಗುಡ್ಡೆ ಬಿದ್ದಿದ್ದ ಹಸಿರು ಕೆಸರನ್ನು! ಚೀಲಗಟ್ಟಲೆ ತಂದು ಹಳ್ಳಿಮೈಸೂರಿನ ಮನೆಯ ಹಿತ್ತಲಲ್ಲಿ ಸುರಿದರು. ಅದನ್ನು ಡ್ರಮ್ಮಿಗೆ ಹಾಕಿ ಆಸಿಡ್ ಹೊಯ್ದರೆ ತಾಮ್ರವೆಲ್ಲ ಕರಗಿ ನೀಲಿ ನೀರಾಗುತ್ತದೆ. ಸೋಸಿ, ಗುಜರಿ ಕಬ್ಬಿಣ ಮುಳುಗಿಸಿದರೆ ಅದರ ಮೈಗೆ ತಾಮ್ರ ಕೆಂಪಗೆ ಹತ್ತಿಕೊಳ್ಳುತ್ತದೆ. ಕೆರೆದು ಮಾರುವುದಷ್ಟೇ.

"ಇದ್ರಲ್ಲೇನ್ಲಾ ಅಳಿಯ ವಿದ್ಯೆ? ನಿಮ್ಮತ್ತೆ ಉಣಸೇಅಣ್ಣಾಕಿ ಚೊಂಬು ಉಜ್ಜಲ್ವಾ? ಅದೂ ಉಳಿ, ಇದೂ ಉಳಿ!"

ಹೌದು, ಆಸಿಡ್ಡಿಗೆ ಅವರಿಟ್ಟ ಹೆಸರು ಹುಳಿ. ಹಕಾರ ನಮ್ಮೂರ ಬಾಯಿಗೆ ಬಾರದ್ದರಿಂದ 'ಉಳಿ'.

ಕೆಸರಿನ ಜೊತೆ ಮಾತಾಡುವ ಅಭ್ಯಾಸ ಬೇರೆ. ಒಮ್ಮೆ ನೆಂಟರು ಊಟಕ್ಕೆ ಕೂತಿದ್ದಾಗ ಹಿತ್ತಲಿನಿಂದ ಗರ್ಜನೆ ಕೇಳಿಸಿತು: "ಉಳಿ ಸಾಲ್ದೇನೋ ನಿಂಗೆ? ತಡಿ, ಇನ್ನೊಂದು ಕ್ಯಾನ್ ಉಯ್ತೀನಿ. ಇವತ್ತು ನಿನ್ ಕರುಳೇ ಕರಗ್ಬೇಕು!" ಎಲೆಯಲ್ಲಿದ್ದದ್ದು ಅವರೆಕಾಳಿನ ಹುಳಿ. ನೆಂಟರು ಹುಳಿ ಮುಟ್ಟದೆ ಬರೀ ಮಜ್ಜಿಗೆಯಲ್ಲಿ ಉಂಡು ಕೈ ತೊಳೆದರು.

ಹೊಳೆನರಸೀಪುರದ ಬಸ್ಸಿನಲ್ಲಿ ಕಂಡಕ್ಟರ್ "ಏನ್ರೀ ಕ್ಯಾನಲ್ಲಿ?" ಅಂದ. "ಉಳಿ" ಅಂದರು ಮಾವ. "ಬಡಗಿ ಉಳೀನ ಕ್ಯಾನಲ್ಲಿ ಯಾಕ್ರೀ ಇಟ್ಟಿದ್ದೀರಿ?" ಊರು ತಲಪುವಷ್ಟರಲ್ಲಿ ಕ್ಯಾನು ಸೋರಿ, ಸೀಟಿನ ಕೆಳಗಿದ್ದ ಯಾರದೋ ರಾಗಿಮೂಟೆ ತೂತಾಗಿ ಬಸ್ಸಿನ ತುಂಬ ರಾಗಿ! ಕಂಡಕ್ಟರ್ ಹೇಳಿದ್ದೇ ನಿಜವಾಯಿತು ನೋಡಿ.

ಡ್ರಮ್ಮಿನಿಂದ ಏಳುವ ಆಸಿಡ್ ಹೊಗೆ ಕುಡಿದು ಕುಡಿದು ಮೊದಲು ಸತ್ತದ್ದು ಮಾವನ ಮೂಗು. ಒಗ್ಗರಣೆ ಸೀದರೂ ತಿಳಿಯದು, ನಾಲಿಗೆಗೆ ರುಚಿಯೂ ಇಲ್ಲ. "ಒಳ್ಳೇದೇ ಆಯ್ತು ಬುಡು, ನಿಮ್ಮತ್ತೆ ಅಡುಗೆ ಸಲೀಸಾಗಿ ಇಳೀತದೆ" ಅಂತ ನಕ್ಕರು. ಆಮೇಲೆ ಕೆಮ್ಮು ಹತ್ತಿತು. ಅತ್ತೆ ಎಳೆದುಕೊಂಡು ಡಾಕ್ಟರ ಹತ್ತಿರ ಹೋದರು.

"ಎದೆ ಉರಿ ಸಾ, ಕೆಮ್ಮು."

"ಆಸಿಡಿಟಿ."

ಮಾವ ಬೆಚ್ಚಿಬಿದ್ದರು. "ಎಂಗ್ ಗೊತ್ತಾಯ್ತು ಸಾ?"

"ಹುಳಿ ಜಾಸ್ತಿ ಅಲ್ವಾ? ಬಿಟ್ಬಿಡಿ."

"ಬುಟ್ರೆ ಒಟ್ಟೆಪಾಡು?"

"ಸಪ್ಪೆ ತಿಂದ್ಕೊಂಡು ಬದುಕ್ರೀ!"

ಅವತ್ತೇ ಹುಣಸೆಹಣ್ಣು ಮನೆಯಿಂದ ಹೊರಬಿತ್ತು. "ನಾನೇ ಉಳಿ ಇಕ್ಕಿ ಇಕ್ಕಿ ಇವರ ಎದೆ ಸುಟ್ಬುಟ್ಟೆ ಕಣಪ್ಪ" ಎಂದು ಅತ್ತೆ ನನ್ನ ಮುಂದೆ ಅತ್ತರು. ನಿಜ ಗೊತ್ತಿದ್ದ ಮಾವ ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ಅತ್ತೆ ಡ್ರಮ್ಮುಗಳನ್ನು ಉಳಿಸುತ್ತಿದ್ದರೇ? ಸಪ್ಪೆಸಾರು ಉಂಡು, ನೆಟ್ಟಗೆ ಹೊಗೆಯೊಳಗೆ ಹೋಗಿ ನಿಲ್ಲುತ್ತಿದ್ದರು. ಈ ಒಂದು ವಿಷಯದಲ್ಲಿ ಅವರ ಮೇಲೆ ನನಗಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಕೊನೆಗೆ ಹಾಸನದ ದೊಡ್ಡಾಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದರು. ಶ್ವಾಸಕೋಶ ಎರಡೂ ಕಡೆ ಗಟ್ಟಿಯಾಗಿದೆ, ಇನ್ನು ಸರಿಹೋಗುವುದಿಲ್ಲ ಅಂದರು. ಈಗ ಡ್ರಮ್ಮುಗಳು ಬೋರಲು ಬಿದ್ದಿವೆ. ಮಾವನ ಮಂಚದ ಪಕ್ಕ ಆಕ್ಸಿಜನ್ ಮಿಷನ್ನು ಗೊರಗುಟ್ಟುತ್ತದೆ.

ಹೋದ ವಾರ ನೋಡಲು ಹೋಗಿದ್ದೆ. ಅತ್ತೆ ಸಪ್ಪೆಸಾರಿನ ತಟ್ಟೆ ಹಿಡಿದು ಮತ್ತೆ ಅದೇ 'ನಾನೇ ಉಳಿ ಇಕ್ಕಿ ಇಕ್ಕಿ' ಮಾತು ಹೇಳಿ ಕಣ್ಣೊರೆಸಿಕೊಂಡರು. ಮಾವ ಮೂಗಿನ ನಳಿಕೆ ಸರಿಸಿ, ಎರಡು ಸಲ ಉಸಿರೆಳೆದುಕೊಂಡು ಹೇಳಿದರು: "ಅಳಬ್ಯಾಡ ಕಣೆ. ನಿನ್ ಉಳಿ ಅಲ್ಲ. ನನ್ ಉಳಿ."

ಇನ್ನು ಇದೆ ಮಂಗಳಾರತಿ ಅಂತ ಕಾದೆ. ಅತ್ತೆ ಆ ಸಪ್ಪೆಸಾರಿನ ತಟ್ಟೆ ವಾಪಸು ಒಯ್ದು, ಪಕ್ಕದ ಮನೆಯಿಂದ ಹುಣಸೆಹಣ್ಣು ತಂದು ನೆನೆಹಾಕಿದರು. ಕುದಿಯುವ ಹುಳಿಯ ಘಮ ಮನೆಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಬಂತು. ಆ ಒಬ್ಬರೇ "ಗಮ್ ಅಂತದೆ" ಅಂದರು!

ತುತ್ತು ಕಲಸಿ ಅವರ ಬಾಯಿಗಿಡುತ್ತ ಅತ್ತೆ ಮೆಲ್ಲಗೆ "ಉಳಿ" ಅಂದರು. ಗಂಡನಿಗೆ ಎಂದೂ ಏಕವಚನ ಬಳಸದ ಹೆಂಗಸು. ಹೇಳಿದ್ದು ಸಾರಿನ ಹೆಸರನ್ನೇ ಇರಬೇಕು. ನನಗೆ ಮಾತ್ರ ಬದುಕಿ ಉಳಿ ಅಂದ ಹಾಗೆ ಕೇಳಿಸಿತು. ಎದ್ದು, ಹುಲ್ಲೂ ಹುಟ್ಟದ ಆ ಹಿತ್ತಲಿಗೆ ಹೋಗಿ ನಿಂತೆ.