ಕೊನೆಯ ಕಾರ್ನರ್ ಮತ್ತು ಬದರಿನಾಥನ ಹದಿನಾಲ್ಕು ಸ್ಲೈಡು

ಹೆಂಡತಿ ಮಾಡಿದ ತಪ್ಪನ್ನು ಶಾಂತವಾಗಿ, ಸಾಕ್ಷಿ ಸಮೇತ, ಊಟ ಮುಗಿಯುವುದರೊಳಗೆ ಅವಳಿಗೆ ಮನವರಿಕೆ ಮಾಡಿಕೊಟ್ಟೇ ತೀರುತ್ತೇನೆ ಎಂದು ಬದರಿನಾಥ ಮೈದಾನದಿಂದ ಮನೆಗೆ ಬರುವ ಬಸ್ಸಿನಲ್ಲೇ ಪಣ ತೊಟ್ಟ. ಅದು ೨೦೦೮ರ ಮೇ ತಿಂಗಳು, ಊರು ಸ್ವೀಡನ್ನಿನ ಉಪ್ಸಾಲಾ.

ಅವನ ಹೆಂಡತಿ ಊರ್ಮಿಳಾ ಹನ್ನೊಂದು ವರ್ಷದ ಹುಡುಗಿಯರ ಫುಟ್‌ಬಾಲ್ ತಂಡದ ಕೋಚ್. ಆ ಪದವಿ ಒಲಿದದ್ದು ಪೋಷಕರ ಸಭೆಯಲ್ಲಿ. ಇನ್ನೊಂದು ಕಪ್ ಕಾಫಿ ಬೇಕೆಂದು ಅವಳು ಕೈ ಎತ್ತಿದಳು, ಅದೇ ಗಳಿಗೆಯಲ್ಲಿ ಯಾರೋ "ಕೋಚ್ ಯಾರಾಗ್ತೀರಿ?" ಎಂದು ಕೇಳಿದ್ದರು. ಚಪ್ಪಾಳೆ ಬಂತು, ಕಾಫಿ ಬರಲಿಲ್ಲ! ಆದರೂ ಅವಳು ಚಳಿಯಲ್ಲಿ ಸೀಟಿ ಊದಿ ಊದಿ ಒಂದು ತಂಡ ಕಟ್ಟಿದ್ದಳು.

ಆ ಶನಿವಾರ ತಂಡ ಒಂದು ಗೋಲಿನಿಂದ ಹಿಂದಿತ್ತು. ಕೊನೆಯ ನಿಮಿಷದಲ್ಲಿ ಕಾರ್ನರ್ ಕಿಕ್ ಸಿಕ್ಕಿತು. ಗೋಲ್‌ಕೀಪರ್ ಆಗಿದ್ದ ತನ್ನ ಮಗಳು ವರ್ಷಾಳಿಗೆ ಊರ್ಮಿಳಾ, "ನೀನೂ ಮುಂದಕ್ಕೆ ಓಡು!" ಎಂದು ಕೂಗಿದಳು. ವರ್ಷಾ ಓಡಿದಳು. ಚೆಂಡು ಎದುರಾಳಿಯ ಕಾಲಿಗೆ ಸಿಕ್ಕಿ, ಯಾವ ಅವಸರವೂ ಇಲ್ಲದೆ ಉರುಳುತ್ತಾ ಹೋಗಿ ಖಾಲಿ ಗೋಲಿನೊಳಗೆ ಕೂತಿತು.

"ಗೋಲ್ ಖಾಲಿ ಬಿಟ್ಟು ಕೀಪರನ್ನ ಯಾರಾದ್ರೂ ಮುಂದಕ್ಕೆ ಕಳಿಸ್ತಾರೇನೇ?" ಊಟಕ್ಕೆ ಕೂತ ಬದರಿನಾಥ ಶುರು ಮಾಡಿದ.

"ಹೇಗೂ ಸೋಲ್ತಿದ್ವಲ್ಲ, ಒಂದ್ ಚಾನ್ಸ್ ತಗೊಂಡೆ ರೀ."

"ರಿಸ್ಕ್ ಅಸೆಸ್‌ಮೆಂಟ್ ಮಾಡಿದ್ಯಾ?"

"ಹನ್ನೆರಡು ಸೆಕೆಂಡ್ ಇತ್ತು. ಸಾರು ಹಾಕ್ಲಾ?"

ಊಟ ಮುಗಿಯಿತು, ಮನವರಿಕೆ ಆಗಲಿಲ್ಲ. ಭಾನುವಾರ ಅವನು ಅಡುಗೆಮನೆಯ ಕಟ್ಟೆಯ ಮೇಲೆ ಟೊಮೆಟೊ, ಈರುಳ್ಳಿ ಜೋಡಿಸಿ ಇಡೀ ಪಂದ್ಯವನ್ನು ಮತ್ತೆ ಆಡಿಸಿದ. ಊರ್ಮಿಳಾ ಎದುರಾಳಿಯ ಡಿಫೆನ್ಸನ್ನು ಸಣ್ಣಗೆ ಹೆಚ್ಚಿ ಒಗ್ಗರಣೆಗೆ ಹಾಕಿದಳು. ಸೋಮವಾರ ಆಫೀಸಿನ ಫಿಕಾದಲ್ಲಿ, ಅಂದರೆ ಸ್ವೀಡಿಷರ ಕಾಫಿ ವಿರಾಮದಲ್ಲಿ, ಎಲ್ಲರ ಕಾಫಿಯೂ ತಣ್ಣಗಾಗುವ ತನಕ ವಿವರಿಸಿದ. ಬುಧವಾರ, ಸರ್ವರ್ ಕೆಟ್ಟಾಗ ಕ್ಲೈಂಟಿಗೆ ಕಳಿಸುವ ವರದಿಯ ಧಾಟಿಯಲ್ಲೇ, "ಎರಡನೇ ಗೋಲಿನ ಮೂಲ ಕಾರಣಗಳು" ಎಂದು ಹದಿನಾಲ್ಕು ಸ್ಲೈಡ್ ಮಾಡಿ ಊರ್ಮಿಳಾಗೆ ಮೇಲ್ ಮಾಡಿದ. ಕೈತಪ್ಪಿ ಅದು ತಂಡದ ಎಲ್ಲ ಪೋಷಕರಿಗೂ ಹೋಯಿತು!

ಬೆಂಗಳೂರಾಗಿದ್ದರೆ ಜಗಳವಾಗುತ್ತಿತ್ತು. ಸ್ವೀಡನ್ನಿನಲ್ಲಿ ಅದಕ್ಕಿಂತ ಘೋರವಾದದ್ದು ನಡೆಯಿತು: ಎಲ್ಲರೂ ಮೆಚ್ಚಿಕೊಂಡರು. "ಎಂಥ ಆಸಕ್ತಿ! ಈ ಶನಿವಾರ ನೀವೇ ಕೋಚ್ ಆಗಿ," ಎಂದು ಪೋಷಕರ ಗುಂಪಿನ ಮುಖ್ಯಸ್ಥೆ ಉಲ್ರಿಕಾ ಉತ್ತರ ಬರೆದಳು.

"ಆಗಲ್ಲ ಅಂತ ನೀನೇ ಹೇಳ್ಬಿಡೇ," ಎಂದ ಬದರಿನಾಥ.

"ಯಾಕ್ರೀ? ಹದಿನೈದನೇ ಸ್ಲೈಡ್ ಗ್ರೌಂಡಲ್ಲೇ ತೋರಿಸಿ," ಎಂದು ಊರ್ಮಿಳಾ ಸೀಟಿಯನ್ನು ಹೂಮಾಲೆಯಷ್ಟು ಭಕ್ತಿಯಿಂದ ಅವನ ಕೊರಳಿಗೆ ಹಾಕಿದಳು.

ಶನಿವಾರ ಬಂತು. ಮತ್ತೆ ಒಂದು ಗೋಲು ಹಿಂದೆ. ಮತ್ತೆ ಕೊನೆಯ ನಿಮಿಷ. ಮತ್ತೆ ಕಾರ್ನರ್! ಗೋಲಿನಲ್ಲಿ ನಿಂತ ವರ್ಷಾ ಅಪ್ಪನ ಮುಖ ನೋಡಿದಳು. ಕಳಿಸದಿದ್ದರೆ ಸೋಲು ಖಚಿತ. ಕಳಿಸಿದರೆ ಹದಿನಾಲ್ಕು ಸ್ಲೈಡೂ ಸುಳ್ಳು!

"ವರ್ಷಾ, ಹೋಗು!"

ಅವಳು ಓಡಿದಳು.

"ಬೇಡ, ನಿಲ್ಲು!"

ನಿಂತಳು.

"ಹೋಗೇ, ಹೋಗು! ಅಯ್ಯೋ, ವಾಪಸ್ ಬಾ!"

ನಡುಮೈದಾನದಲ್ಲಿ ಮಗಳು ಬುಗುರಿಯಂತೆ ತಿರುಗುತ್ತಿರುವಾಗಲೇ ಎದುರಾಳಿ ಒದ್ದ ಚೆಂಡು ಅವಳ ತಲೆಯ ಮೇಲಿಂದ ಹಾರಿ, ಪುಟಿದು, ಖಾಲಿ ಗೋಲು ಸೇರಿತು. ಪಂದ್ಯ ಮುಗಿಯಿತು.

ಊರ್ಮಿಳಾ ಬಂದು ಅವನ ಕೊರಳಿನ ಸೀಟಿಯನ್ನು ತೆಗೆದು ತನ್ನ ಕೊರಳಿಗೆ ಹಾಕಿಕೊಂಡಳು. ಬೈದಿದ್ದರೇ ವಾಸಿಯಿತ್ತು! ವರ್ಷಾ ಗ್ಲೌಸ್ ಕಿತ್ತು, ಸ್ವೀಡಿಷ್‌ನಲ್ಲಿ ಏನೋ ಗೊಣಗಿ, ಆಮೇಲೆ ಅಪ್ಪನ ಎದುರು ಬಂದು ನಿಂತಳು.

"ಅಪ್ಪ, ಸೀರಿಯಸ್ಲಿ, ನಾನು ಹೋಗ್ಬೇಕಿತ್ತಾ, ಬೇಡ್ವಾ?"

ಬದರಿನಾಥ ಖಾಲಿ ಗೋಲನ್ನೇ ನೋಡುತ್ತಾ ಹೇಳಿದ: "ಅದನ್ನೇ ಯೋಚನೆ ಮಾಡ್ತಿದ್ದೀನಿ, ಪುಟ್ಟಿ."